ಒಬ್ಬಳೇ

ಇಪ್ಪತ್ತಮೂರು ವರ್ಷದಿಂದ ಟೀಸಿ ಬರೆಯುತ್ತಿದ್ದೇನೆ
ಗೌರಿಬಿದನೂರಿನ ಈ ಕಿಟಕಿಯ ಹಿಂದೆ.
ಬಿಡಲು ಕಾರಣ ಎಂಬ ಕಾಲಮ್ಮಿಗೆ ನನ್ನಲ್ಲಿರುವುದು ಮೂರೇ ಮಾತು:
ವ್ಯಾಸಂಗ ಮುಗಿದಿದೆ. ಮದುವೆ ನಿಶ್ಚಯವಾಗಿದೆ. ಸ್ವಂತ ಕಾರಣ.
ಸ್ವಂತ ಕಾರಣ ಅಂದಮೇಲೆ ಯಾರೂ ಮುಂದೆ ಕೇಳುವುದಿಲ್ಲ,
ನಾನೂ ಕೇಳಿದವನಲ್ಲ.

ತೊಂಡೇಬಾವಿಯ ಹುಡುಗಿ ಗಂಗರತ್ನ,
ಒಂದು ವರ್ಷವಷ್ಟೇ ಓದಿ, ಸೋಮವಾರ ಬಂದು ನಿಂತಳು.
ಅಪ್ಪನದು ಬಸ್‌ಸ್ಟ್ಯಾಂಡಿನ ಹಿಂದೆ ಸ್ಟೌ ರಿಪೇರಿ.
"ಸಾರ್, ಅಲ್ಲಿ ಎರಡನೇ ವರ್ಷಕ್ಕೆ ನಾಲ್ಕೇ ಸೀಟು.
ಪರೀಕ್ಷೆ ಬರೆದಿದ್ದೆ, ಒಂದು ನನಗೆ ಬಂತು.
ಶುಕ್ರವಾರದೊಳಗೆ ಕಾಗದ ಕಳಿಸಬೇಕು."
ಅಲ್ಲಿ ಅಂದರೆ ಎಲ್ಲಿ ಅಂದೆ. ಹೇಳಿದಳು.
ಆ ವಿಶ್ವವಿದ್ಯಾಲಯದ ಹೆಸರು
ನಮ್ಮ ಆಫೀಸಿನ ಗೋಡೆಗಳು ಕೇಳಿದ್ದು ಅದೇ ಮೊದಲಿರಬೇಕು.

"ಇಲ್ಲೇನಮ್ಮ ಕಮ್ಮಿ? ಇಲ್ಲೂ ಕಂಪ್ಯೂಟರ್ ಸೈನ್ಸೇ ತಾನೆ?"

ನನಗೇ ಗೊತ್ತಿತ್ತು.
ಲ್ಯಾಬಿನಲ್ಲಿ ಹನ್ನೊಂದು, ಓಡುವುದು ಏಳು,
ಕೊನೆಯದಕ್ಕೆ ಎನ್ ಅಕ್ಷರದ ಗುಂಡಿಯೇ ಇಲ್ಲ,
ಈ ಹುಡುಗಿ ಪೆನ್ನಿನ ಮುಚ್ಚಳದಲ್ಲಿ ಆ ಕುಳಿ ಒತ್ತಿ ಒತ್ತಿ ಬರೆಯುತ್ತಾಳೆ,
ಕರೆಂಟು ಹೋದರೆ ನೋಟ್‌ಬುಕ್ಕಿನಲ್ಲೇ ಮುಂದುವರಿಸುತ್ತಾಳೆ
ಅಂತ ಅಟೆಂಡರ್ ಪಿಳ್ಳಪ್ಪ ಹೇಳಿ ನಕ್ಕಿದ್ದ.
ಅವಳು ಅದೊಂದನ್ನೂ ಎತ್ತಲಿಲ್ಲ.
"ಇಲ್ಲಿ ಪ್ರಶ್ನೆ ಬೇಗ ಮುಗಿದುಹೋಗುತ್ತೆ ಸಾರ್" ಅಂದಳು.

ಯಾಕೋ ಸಿಟ್ಟು ಬಂತು.
ನಾಳೆ ಬಾ ಅಂದೆ. ಬಂದಳು.
ಸಾಹೇಬರ ಸಹಿ ಆಗಿಲ್ಲ ಅಂದೆ.
ಆಗಿತ್ತು. ನನ್ನ ಡ್ರಾಯರಿನಲ್ಲೇ ಇತ್ತು.

ಬುಧವಾರ ಬೇರೆಯದೇ ತೊಡಕು ತಂದಳು.
ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಗಂಗ, ಆಮೇಲೆ ರತ್ನ.
ನಮ್ಮ ರಿಜಿಸ್ಟರಿನಲ್ಲಿ ಎರಡೂ ಅಂಟಿಕೊಂಡಿವೆ,
ನನ್ನದೇ ಕೈಬರಹ.
ಅಲ್ಲಿನ ಯಂತ್ರ ಒಪ್ಪುತ್ತಿಲ್ಲ, ಕೆಂಪಗೆ ಮಿನುಗುತ್ತಿದೆ.
"ನಡುವೆ ಏನೂ ಇಲ್ಲವಲ್ಲಮ್ಮ, ಬರೀ ಖಾಲಿ."
"ಖಾಲಿಯೂ ಒಂದು ಅಕ್ಷರ ಸಾರ್.
ಅದಕ್ಕೂ ನಂಬರಿದೆ, ಮೂವತ್ತೆರಡು."
ನನ್ನ ರಟ್ಟಿನ ಮೇಲೆ ಬರೆದು ತೋರಿಸಿದಳು,
ಮಗುವಿಗೆ ಅಆ ತಿದ್ದಿಸುವಂತೆ, ಚೂರೂ ಜಂಬವಿಲ್ಲದೆ.
ಆ ರಟ್ಟು ಇನ್ನೂ ಇದೆ.

ಕೋರ್ಟಿನ ಎದುರು, ಹುಣಸೆಮರದ ಕೆಳಗೆ ಟೈಪಿಸ್ಟು.
ನಾನೇ ಕರೆದುಕೊಂಡು ಹೋದೆ, ಊಟದ ಹೊತ್ತಿನಲ್ಲಿ.
ಛಾಪಾ ಕಾಗದದ ಮೇಲೆ ಟಕಟಕ ಬಿತ್ತು:
ಗಂಗ ರತ್ನ ಹಾಗೂ ಗಂಗರತ್ನ ಎಂಬ
ಎರಡೂ ಹೆಸರಿನ ವ್ಯಕ್ತಿ ಒಬ್ಬಳೇ ಆಗಿರುತ್ತಾಳೆ.
ಅಂಗಡಿಯಿಂದ ಓಡಿಬಂದಿದ್ದ ಅಪ್ಪ, ಕೈತುಂಬ ಮಸಿ,
ಕಾಗದ ಮುಟ್ಟದೆ, ಬಗ್ಗಿ, ಬಾಯಲ್ಲೇ ಕೂಡಿಸಿಕೊಂಡು ಓದಿದ.
"ಒಬ್ಬಳೇ ಅಂತ ಯಾಕೆ ಹಾಕಿದಿರಿ ಸ್ವಾಮಿ,
ನಾನು ಬಿಟ್ಟುಬರಾಕೆ ಹೋಗ್ತೀನಲ್ಲ?"
ಟೈಪಿಸ್ಟು ನಕ್ಕ. ಹುಡುಗಿ ನಗಲಿಲ್ಲ.
ಹುಣಸೆಯ ಒಣ ಎಲೆಯೊಂದು ಕಾಗದದ ಮೇಲೆ ಬಿತ್ತು,
ಅದನ್ನು ಉಫ್ ಎಂದು ಊದಿ
"ಹಂಗಲ್ಲಪ್ಪ" ಅಂದಳು. ಅಷ್ಟೇ.
ಹೇಗೆ ಅಂತ ಬಿಡಿಸಿ ಹೇಳಲು ಅವಳಿಗೂ ಬರಲಿಲ್ಲ.

ನಾನೂ ಒಂಬತ್ತು ಸಲ ವರ್ಗ ಕೇಳಿ ಬರೆದಿದ್ದೇನೆ, ದೊಡ್ಡಬಳ್ಳಾಪುರಕ್ಕೆ.
ಒಂಬತ್ತಕ್ಕೂ ಉತ್ತರವಿಲ್ಲ.
ಅದನ್ನು ಅವಳಿಗೆ ಹೇಳಲಿಲ್ಲ.

ಗುರುವಾರ ಟೀಸಿ ಬರೆದೆ.
ಹೆಸರಿನ ನಡುವೆ ಒಂದು ಬೆರಳಿನಷ್ಟು ಜಾಗ ಬಿಟ್ಟೆ,
ಇರಲಿ ಅಂತ ಕೊಂಚ ಹೆಚ್ಚೇ ಬಿಟ್ಟೆ.
ನಡತೆ: ತೃಪ್ತಿಕರ. ಎಲ್ಲರಿಗೂ ಅದೇ, ಬೇರೆ ಪದ ಅಭ್ಯಾಸವಿಲ್ಲ.
ಕಾರಣದ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು.
ಪ್ರಶ್ನೆ ಮುಗಿದಿದೆ ಅಂತ ಬರೆದರೆ ಸಾಹೇಬರು ಕೂಗಾಡುತ್ತಾರೆ.
ಉನ್ನತ ವ್ಯಾಸಂಗ, ಅಂದೆ.
ಎರಡೂ ಕೈಯಲ್ಲಿ ತೆಗೆದುಕೊಂಡಳು.

ಸಂಜೆ ಪಿಳ್ಳಪ್ಪ ಬೀಗ ಹಾಕುವ ಮುಂಚೆ
ಲ್ಯಾಬಿನ ಆ ಕೊನೆಯ ಕಂಪ್ಯೂಟರಿನ ಮುಂದೆ ಕೂತೆ.
ಎನ್ ಇರಬೇಕಾದ ಕುಳಿಯಲ್ಲಿ ನೀಲಿ ಇಂಕಿನ ಕಲೆ.
ಕೆಳಗಿನ ಉದ್ದ ಗುಂಡಿಯನ್ನು ಒಂದು ಸಲ ಒತ್ತಿದೆ.
ಏನೂ ಮೂಡಲಿಲ್ಲ.
ಮಿಣಮಿಣ ಅನ್ನುವ ಗೆರೆ ಮಾತ್ರ
ಒಂದು ಮನೆ ಮುಂದಕ್ಕೆ ಹೋಗಿ ನಿಂತಿತ್ತು.