ಮೂವತ್ತೈದರಲ್ಲಿ ನಿಂತದ್ದು

ಸೊಹಾರಿನಲ್ಲಿ ಗುರುವಾರವೆಂದರೆ ವಾರದ ಬಾಲ.
ಹೊರರೋಗಿಗಳ ಬಾಗಿಲು ಮುಚ್ಚಿ
ಕಾವಲಿನ ಖಲ್ಫಾನ್ ಕಹ್ವಾದ ಫ್ಲಾಸ್ಕು ತೆರೆದ ಮೇಲೆ
ನನ್ನ ಹೊತ್ತು ಶುರು.
ಹನ್ನೆರಡರಿಂದ ನಾಲ್ಕು. ಸಹಿ ಹಾಕಿ ಕೊಟ್ಟಿದ್ದಾರೆ,
ಇಡೀ ಆಸ್ಪತ್ರೆಗೆ ತೇಪೆ ಹಾಕಲು
ನಾಲ್ಕೇ ನಾಲ್ಕು ಗಂಟೆ.

ತೇಪೆ ಅಂದರೆ ನನಗೆ ಮೊದಲು ನೆನಪಾಗುವುದು ಟ್ಯೂಬು.
ಹರಿಹರದ ಬೈಪಾಸಿನಲ್ಲಿ ದಾದಾಪೀರ್ ಮಾಮನ ಅಂಗಡಿ.
ಬೋಗುಣಿ ನೀರಲ್ಲಿ ಅದ್ದಿ, ಗುಳ್ಳೆ ಏಳುವಲ್ಲಿ ಬೆರಳಿಟ್ಟು
"ಸಿಕ್ಕ ನೋಡು ಕಳ್ಳ" ಅನ್ನುತ್ತಿದ್ದ.
ಉಜ್ಜು, ಅಂಟು, ಒತ್ತು, ಎರಡು ರೂಪಾಯಿ.
ಕಂಡವನೇ ಮುಚ್ಚುತ್ತಿದ್ದ,
ಮುಚ್ಚಿದ್ದು ಮುಚ್ಚಿದ್ದೇ.

ಇಲ್ಲಿ ತೂತು ಕಂಡವರು ಒಂದು ದೇಶದಲ್ಲಿ,
ತೇಪೆ ಕತ್ತರಿಸಿದವರು ಇನ್ನೊಂದರಲ್ಲಿ, ಈಗ ನಿದ್ದೆಯಲ್ಲಿ.
ಗುಳ್ಳೆಯನ್ನು ನಾನು ನೋಡಿದವನೇ ಅಲ್ಲ.
ಮುಂದಿನ ವಾರ ತೇಪೆಗೊಂದು ತೇಪೆ ಬರುತ್ತದೆ,
"ಹಿಂದಿನದರಿಂದಾದ ಕೆಲವು ತೊಂದರೆಗಳಿಗೆ" ಅಂತ.
ಎಷ್ಟು, ಯಾರಿಗೆ, ಬರೆದಿರುವುದಿಲ್ಲ.

ಪಟ್ಟಿಯಲ್ಲಿ ಇನ್ನೂರ ಹನ್ನೆರಡು ಯಂತ್ರ.
ಒಂದು ಪಟ್ಟಿಯಲ್ಲಿದೆ, ಆಸ್ಪತ್ರೆಯಲ್ಲಿಲ್ಲ.
ಒಂದು ಆಸ್ಪತ್ರೆಯಲ್ಲಿದೆ, ಯಾವ ಪಟ್ಟಿಯಲ್ಲೂ ಇಲ್ಲ,
ಎಕ್ಸ್‌ರೇ ಕೋಣೆಯ ಮೂಲೆಯಲ್ಲಿ
ಯಾರೂ ಸಾಕದ ಬೆಕ್ಕಿನ ಹಾಗೆ ಬದುಕಿಕೊಂಡಿದೆ.
ಡಾಕ್ಟರ್ ವಜೀಹ್ ತಮ್ಮ ಪರದೆಗೆ ಚೀಟಿ ಅಂಟಿಸಿದ್ದಾರೆ:
ಮುಟ್ಟಬೇಡ, ಅಲ್ಲಾಹನ ಮೇಲಾಣೆ, ಭಾನುವಾರ ನನ್ನ ಭಾಷಣ.
ಮುಟ್ಟದಿದ್ದರೆ ಮೇಲಿನವರಿಗೆ ಉತ್ತರ ಕೊಡಬೇಕು,
ಮುಟ್ಟಿದರೆ ವಜೀಹರಿಗೆ.
ಅತ್ತ ದರಿ, ಇತ್ತ ಹುಲಿ, ನಡುವೆ ನಾನು
ಮತ್ತು ತಣ್ಣಗಾದ ಕರಕ್ ಚಹಾ.

ಒಂದೂ ಐವತ್ತಕ್ಕೆ ರಕ್ತನಿಧಿಯದು ನಿಂತಿತು.
ಶೇಕಡಾ ಮೂವತ್ತೈದು.
ಚುಕ್ಕಿಗಳು ಗಾಣದೆತ್ತಿನಂತೆ ಸುತ್ತುತ್ತವೆ,
ಕೆಳಗೆ ವಿನಯದ ಒಂದು ಸಾಲು: ದಯವಿಟ್ಟು ಆರಿಸಬೇಡಿ.
ಸಹಾಯವಾಣಿಗೆ ಮಾಡಿದೆ. ಇಪ್ಪತ್ತು ನಿಮಿಷ ಪಿಯಾನೊ.
ಆಮೇಲೆ ಒಂದು ಎಳೆಯ ದನಿ,
"ಬೇರೆ ಎಲ್ಲರಿಗೂ ಸರಿಯಾಗಿದೆಯಲ್ಲ ಸಾರ್,
ನಿಮ್ಮಲ್ಲಿ ಮಾತ್ರ."
ಸಮಾಧಾನ ಹೇಳಿದನೋ, ತೀರ್ಪು ಕೊಟ್ಟನೋ.

ಎರಡೂವರೆಗೆ ಬಾತಿನಾ ಹೆದ್ದಾರಿಯಿಂದ ಆಂಬುಲೆನ್ಸು,
ಹಿಂದೆಯೇ ಇನ್ನೊಂದು.
ರಕ್ತದ ಚೀಲಕ್ಕೆ ಹೆಸರಿನ ಚೀಟಿ ಬೇಕು.
ಚೀಟಿ ಅಚ್ಚಾಗಬೇಕಾದ್ದು
ಮೂವತ್ತೈದರಲ್ಲಿ ನಿಂತ ಆ ಯಂತ್ರದಿಂದ.

ಲುಜ್ವಿಮಿಂದಾ ನನ್ನನ್ನು ಬೈಯಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.
ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ ತೆಗೆದು
ರಿಜಿಸ್ಟರನ್ನು ನನ್ನ ಕಡೆ ತಳ್ಳಿದಳು: "ಓದು."
ಓದಿದೆ. ಒಂದೊಂದೇ ಅಂಕಿ.
ಅವಳು ಬರೆದು, ತಿರುಗಿ ನನಗೇ ಹೇಳಿದಳು.
ಏಳರ ಹೊಟ್ಟೆಗೊಂದು ಅಡ್ಡಗೆರೆ ಎಳೆಯುತ್ತಾಳೆ,
ಒಂದು ಅಂತ ಯಾರೂ ಓದಬಾರದೆಂದು.
ಹನ್ನೊಂದು ಚೀಲ.
ಬೆವರಿದ ಪ್ಲಾಸ್ಟಿಕ್ಕು, ಒಳಗೆ ಯಾರದೋ ಕೆಂಪು,
ಹೊರಗೆ ಅವಳ ದುಂಡು ಅಕ್ಷರ.
ಹದಿನೈದು ವರ್ಷದ ನೌಕರಿಯಲ್ಲಿ ಆ ಅರ್ಧ ಗಂಟೆ
ನಾನು ಬರೀ ಪ್ರಿಂಟರಾಗಿದ್ದೆ,
ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

ಮೂರೂ ನಲವತ್ತಕ್ಕೆ ಆರಿಸಬೇಡಿ ಎಂದದ್ದನ್ನು ಆರಿಸಿದೆ.
ಹಾಕಿದ ತೇಪೆ ಕಿತ್ತೆ. ಹಳೆಯ ತೂತಿನೊಂದಿಗೇ
ಅದು ಎದ್ದು ಕೂತಿತು.
ಪ್ರಿಂಟರು ಕೆಮ್ಮಿತು, ಆರು ಖಾಲಿ ಚೀಟಿ ಉಗುಳಿತು,
ಏಳನೆಯದರಲ್ಲಿ ಅಕ್ಷರ ಮೂಡಿತು.
ಹೊರಗೆ ಬಾಂಗಿನ ದನಿ.
ಖಲ್ಫಾನ್ ಚಾಪೆ ಹಿಡಿದು ಹೋಗುತ್ತ ಕೈಯೆತ್ತಿದ.

ಬೆಳಿಗ್ಗೆ ಮ್ಯಾನೇಜರರ ಮೇಲ್:
ಇನ್ನೂರ ಹನ್ನೊಂದು ಆಯಿತು. ಒಂದು ಯಾಕೆ ಬಾಕಿ?

ಭಾನುವಾರ ರಕ್ತನಿಧಿಗೆ ಹೋದೆ.
"ಈಗ ಸರಿಯಾಗಿದೆ, ಅಚ್ಚಾಗುತ್ತದೆ" ಅಂದೆ.
"ಗೊತ್ತು" ಅಂದಳು ಲುಜ್ವಿಮಿಂದಾ, ತಲೆ ಎತ್ತದೆ.
ಪ್ರಿಂಟರಿನಿಂದ ಬೆಚ್ಚನೆಯ ಚೀಟಿಯೊಂದು ಹೊರಬಂದು
ತಟ್ಟೆಗೆ ಬಿತ್ತು.
ಅದರ ಪಕ್ಕದಲ್ಲೇ ಅವಳು ಪೆನ್ನಿನಲ್ಲಿ
ಅದೇ ಅಂಕಿ ಬರೆಯುತ್ತಿದ್ದಳು,
ಏಳರ ಹೊಟ್ಟೆಗೆ ಗೆರೆ ಎಳೆದು.