ಹಿಸ್ಸಾ

ಶಹಾಪುರ ತಹಸೀಲ ಕಚೇರಿ ಎದುರು
ಹದಿನೇಳು ವರ್ಷ ಮಂದಿ ಹಿಸ್ಸಾಪತ್ರ ಟೈಪ್ ಮಾಡೀನಿ.
ಇವತ್ತ ನನ್ನ ಡಿಸ್ಕಿಂದೇ ಪಾಲು.

ಪೆನ್‌ಡ್ರೈವ್ ತಂದ ಮೆಹಜಬೀನ ಅಂದಳು:
'ಹಳೇದಕ್ಕ ಸ್ವಲ್ಪ ಸರಿ ಅನ್ನಕ್ಕಾ, ಹೊಸದು ಕೂಡಲಿ.'
ಗೆರಿ ಹಿಡಿದು ಎಳೆದೆ.
ಪೂರ್ವಕ್ಕ ಯಾರ ಹೊಲ, ಪಶ್ಚಿಮಕ್ಕ ಯಾವ ಹಳ್ಳ
ಕೇಳಲಿಲ್ಲ ಅದು. ಸಾಕ್ಷಿ ರುಜುನೂ ಕೇಳಲಿಲ್ಲ.
'ಖಾತ್ರಿನಾ?' ಅಷ್ಟೇ.

ಒತ್ತೋ ಮುಂದ ಬೆರಳು ನಡುಗಿತು.
ತಾಲ್ಲೂಕಿನ ಅಣ್ತಮ್ಮರ ಜಗಳೆಲ್ಲ ಅದರಾಗ ಅದಾವ.
ನಕಲು ತೆಗೆದಿಟ್ಟಿದ್ದೆ, ಆದರೂ.

ಈಗ ದಿನಾ ಮುಂಜಾನೆ
ಹತ್ತು ಸೆಕೆಂಡು ಕಾಯ್ತದ: ಯಾರನ್ನ ಎಬ್ಬಿಸಲಿ?
ಒಬ್ಬ ಎದ್ದರ ಇನ್ನೊಬ್ಬಗ ನಿದ್ದಿ.
ಒಂದೇ ಮನಿ. ಮಾತಿಲ್ಲ, ಕೋರ್ಟೂ ಇಲ್ಲ.

ನಡುವ ಎರಡು ಜಿಬಿ
ಯಾರ ಹೆಸರಿಗೂ ಬರಲಿಲ್ಲ.
ಇರಲಿ ಬಿಡು ಅಂದೆ,
ಗಾಯರಾಣ.