ಬಿಟ್ಟಿ

ಶನಿವಾರ ಬೆಳಿಗ್ಗೆ ಏಳಕ್ಕೆ ಚರ್ಚಿನ ಗೇಟಿನ ಹತ್ತಿರ ಸೇರುತ್ತೇವೆ.
ಹನ್ನೊಂದು ಜನ. ಮಳೆ ಬಂದರೆ ಆರು.
ಯಾವೊರ್ನಿಚ್ಕಾದ ಅಂಚೆಯವಳು ನಾನು,
ಅಕ್ಷರ ದುಂಡಗಿದೆ ಅಂತ ಲೆಕ್ಕದ ಪುಸ್ತಕ ನನ್ನ ತಲೆಗೇ ಕಟ್ಟಿದರು:
ಸುಣ್ಣ ಎಷ್ಟು ಮೂಟೆ, ಮರಳು ಎಷ್ಟು ಬಕೆಟ್ಟು,
ಯಾರ ಹೆಬ್ಬೆರಳು ಜಜ್ಜಿತು.

ಟ್ರ್ಯಾಕ್ಟರು ಬೀಚ್ ಮರಗಳ ತನಕ ಮಾತ್ರ.
ಅಲ್ಲಿಂದ ಮೇಲಕ್ಕೆ ನೀರು ಬೆನ್ನಿನ ಮೇಲೆ,
ಇಪ್ಪತ್ತು ಲೀಟರು,
ಕ್ಯಾನಿನೊಳಗೆ ಕುಲುಕುತ್ತ, ಹೆಜ್ಜೆ ತಪ್ಪಿದಾಗೆಲ್ಲ
ಹಿಂದಿನಿಂದ ಒಂದು ಗುದ್ದು.

ಮೇಲೆ ಏನಿದೆ ಅಂತ ಕೇಳಿದರೆ ಹೇಳುವುದು ಕಷ್ಟ.
ಒಂದೂವರೆ ಗೋಪುರ.
ಒಂದು ಕಿಟಕಿ, ಅದನ್ನು ಹಿಡಿದು ನಿಲ್ಲುವಷ್ಟೇ ಗೋಡೆ.
ಮುಚ್ಚಿದ ಬಾವಿ. ಒಲೆಯಿದ್ದ ಕಡೆ ತುರಿಕೆ ಸೊಪ್ಪು.
ಬೂದುಗತ್ತಿನ ಕಾಗೆಗಳು, ಬಾಡಿಗೆ ಕೊಡದವು.

ಗಾರೆಯ ವೆಂದೆಲಿನ್, ಎಪ್ಪತ್ತಾರು ವರ್ಷ,
ಮೊದಲ ದಿನ ನಮಗೆ ಹೇಳಿದ್ದು ಇಷ್ಟೇ:
“ಕಟ್ಟೋಕೆ ಬಂದಿಲ್ಲ ನಾವು.
ಬೀಳೋದನ್ನ ಸ್ವಲ್ಪ ತಡ ಮಾಡೋಕೆ ಬಂದಿದೀವಿ.”
ಸಿಮೆಂಟು ತಂದ ಹುಡುಗನಿಗೆ ಅವನು ಬೈದದ್ದನ್ನು
ನಾನು ಪುಸ್ತಕದಲ್ಲಿ ಬರೆಯಲಿಲ್ಲ.

ಜೂನಿನಲ್ಲಿ ಶಾಲೆಯ ದೊರೋತಾ
ಜಿಲ್ಲೆಯ ದಫ್ತರಖಾನೆಯಿಂದ ಒಂದು ನಕಲು ತಂದಳು.
ದೊರೆಯ ಕಾಲದ ಪಟ್ಟಿ. ಯಾರ ಮನೆಯಿಂದ ಎಷ್ಟು ಬಿಟ್ಟಿ.
ಬ್ರೆಡ್ಡು, ಈರುಳ್ಳಿ ಹಿಡಿದು ಗೋಡೆಯ ನೆರಳಲ್ಲಿ ಕೂತಿದ್ದೆವು,
ಅವಳು ಓದಿದಳು:

ಹುದಾಕ್, ಎರಡು ಎತ್ತು, ವಾರಕ್ಕೆ ಮೂರು ದಿನ.
ಪೆತ್ರಾಶ್, ಎತ್ತಿಲ್ಲ, ನಾಲ್ಕು ದಿನ.
ಮ್ಲಿನಾರ್, ಸುಣ್ಣದ ಗೂಡು, ರಾತ್ರಿಯೂ.
ಕುಬಿನೆತ್ಸನ ವಿಧವೆ, ನೀರು.

ಯಾರೂ ಅಗಿಯಲಿಲ್ಲ ಸ್ವಲ್ಪ ಹೊತ್ತು.
ಓತೋ ಹುದಾಕ್ ನನ್ನ ಕಡೆ ನೋಡಿದ,
ಕುಬಿನೆತ್ಸರ ಮನೆಯ ಕೊನೆಯವಳು ನಾನು,
ನನ್ನ ಅಂಗಿಯ ಬೆನ್ನು ಇನ್ನೂ ಒದ್ದೆ.
ಮಿಲೋತಾ ನಗಲು ನೋಡಿದಳು:
“ಆಗಲೂ ಬಿಟ್ಟಿ, ಈಗಲೂ ಬಿಟ್ಟಿ.
ಆಗ ಚಾವಟಿ ಇತ್ತು, ಈಗ ಬಿಸ್ಕತ್ತು.”

ಒಂದೇ ಮಾತು, ಎರಡು ಬಾಯಿ ಅದಕ್ಕೆ.
ಒಂದು ಕಸಿದದ್ದಕ್ಕೆ ಹೆಸರು, ಇನ್ನೊಂದು ಕೊಟ್ಟದ್ದಕ್ಕೆ.
ಕಲ್ಲಿಗೆ ಮಾತ್ರ ಎರಡೂ ಒಂದೇ ಭಾರ.

ಓತೋ ಎದ್ದ. ಸನಿಕೆ ಒರಗಿಸಿಟ್ಟ.
“ಆ ದೊರೆಗೆ ನಮ್ಮವರು ಬೆನ್ನು ಕೊಟ್ಟದ್ದು ಸಾಕು.”
ಇಳಿದು ಹೋದ.
ಮೂರು ಶನಿವಾರ ಬರಲಿಲ್ಲ.
ವೆಂದೆಲಿನ್ ಮಾತ್ರ ಅವನ ಸನಿಕೆಯನ್ನು
ಪ್ರತಿ ಸಂಜೆ ತೊಳೆದು ಅಲ್ಲೇ ಇಡುತ್ತಿದ್ದ.

ನಾಲ್ಕನೆಯ ಶನಿವಾರ ಬೀಚ್ ಮರಗಳ ಹತ್ತಿರ
ಟ್ರ್ಯಾಕ್ಟರಿನ ಸದ್ದು. ಓತೋ.
ಟ್ರೇಲರಿನಲ್ಲಿ ಗೋಣಿ ಹೊದಿಸಿದ ಒಂದು ಕಲ್ಲು.
ಹಳೆಯ ಹಂದಿ ಗೂಡನ್ನು ಕೆಡವಿದನಂತೆ;
ಬಾಗಿಲ ಬುಡದಲ್ಲಿ ತಲೆಕೆಳಗಾಗಿ ಇದು ಕೂತಿತ್ತು:
ಅಂಚಿಗೆ ಉಳಿಯ ಗೆರೆ, ನಡುವೆ ಸರಳು ಸಿಕ್ಕಿಸುವ ತೂತು.
ನಮ್ಮ ಕಿಟಕಿಯ ಹೊಸ್ತಿಲು.

ಊರಲ್ಲಿ ಅಂಥ ಕಲ್ಲಿಲ್ಲದ ಮನೆಯಿಲ್ಲ.
ಕೋಟೆ ಹಾಳಾದ ಚಳಿಗಾಲ ಎಲ್ಲರ ಅಜ್ಜಂದಿರೂ
ಎತ್ತು ಕಟ್ಟಿದ್ದರು. ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತು.

“ಕದ್ದದ್ದು ಅನ್ನಬೇಡಿ,” ಅಂದ ಓತೋ.
“ಕೂಲಿ. ಇನ್ನೂರು ವರ್ಷ ತಡವಾಗಿ ತಾವೇ ಬಂದು ತಗೊಂಡರು.
ಈಗ ನಾನು ಸಾಲ ಕೊಡ್ತಿದೀನಿ.
ಬರ್ಕೋ.”

ಬರೆದುಕೊಂಡೆ.
ಆರು ಜನ ಹಗ್ಗ ಹಿಡಿದರು, ವೆಂದೆಲಿನ್ ಬೈಯುತ್ತ ನಡೆದ.
ಕಲ್ಲು ತನ್ನ ಜಾಗದಲ್ಲಿ ಕೂತಾಗ
ಬೆರಳು ತೂರುವಷ್ಟು ಸಂದು ಉಳಿಯಿತು.
ಹಂದಿಗಳು ಮೈ ತಿಕ್ಕಿ ತಿಕ್ಕಿ ಒಂದು ಮೂಲೆ ಸವೆದಿತ್ತು.

ಬೆಟ್ಟದ ಬುಡಕ್ಕೆ ಒಂದು ಹಲಗೆ ಬರಬೇಕು, ಪ್ರವಾಸಿಗಳಿಗೆ.
ದೊರೆಯ ಲಾಂಛನ ಬೇಕು ಅಂತ ಅರ್ಧ ಜನ,
ಆ ಪಟ್ಟಿ ಬೇಕು ಅಂತ ಇನ್ನರ್ಧ.
ಇನ್ನೂ ತೀರ್ಮಾನವಾಗಿಲ್ಲ.
ಸೈಕಲ್ಲಿನಲ್ಲಿ ಬಂದ ಇಬ್ಬರು ಆಚೆ ವಾರ ಕೇಳಿದರು,
“ಈ ಕೋಟೆ ಯಾರದ್ದು?”
ಮಿಲೋತಾ ಸುಣ್ಣದ ಕೈ ಒರೆಸಿಕೊಂಡು
“ಕೂತ್ಕೊಳ್ಳಿ,” ಅಂದಳು, “ಸ್ವಲ್ಪ ಹೊತ್ತು ಬೇಕು.”

ಇವತ್ತಿನ ಪುಟ:
ಸುಣ್ಣ, ಎರಡು ಮೂಟೆ.
ಹುದಾಕ್, ಕಲ್ಲು ಒಂದು, ಸಾಲ. ಬಡ್ಡಿ ಇಲ್ಲ.
ಕುಬಿನೆತ್ಸರ ಮಗಳು, ನೀರು, ಎರಡು ಸಲ.
ಮಳೆ. ಆದರೂ ಒಂಬತ್ತು ಜನ.